ಎಣಿಸಿ ನೋಡುವ ವಿದ್ಯೆ

ಆಸ್ಪತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವರು ವೈದ್ಯರು, ದಾದಿಯರು. ನೆನಪಿಗೆ ಬರುವುದು ಗುಳಿಗೆ, ಸೂಜಿಮದ್ದು. ಸಂಶೋಧನೆ ಎಂದೊಡನೆ ತೋರುವುದು ಗಾಜಿನ ನಳಿಕೆ, ಸೂಕ್ಷ್ಮದರ್ಶಕ, ಬಿಳಿಯ ನಿಲುವಂಗಿ. ಇವೆರಡರ ನಡುವೆ ಮೂರನೆಯ ವಿದ್ಯೆಯೊಂದುಂಟು. ಅದಕ್ಕೆ ಬೇಕಾದ ಸಲಕರಣೆ ಬಹಳವಿಲ್ಲ: ಒಂದು ದಾಖಲೆ ಪುಸ್ತಕ, ಒಂದು ಪೆನ್ಸಿಲು, ಮತ್ತು “ಇದು ಹೀಗೇಕೆ?” ಎಂದು ಕೇಳುವ ಎದೆಗಾರಿಕೆ. ಇಂಗ್ಲಿಷಿನಲ್ಲಿ ಅದನ್ನು ಆಪರೇಷನಲ್ ರಿಸರ್ಚ್ ಎನ್ನುತ್ತಾರೆ. ಕನ್ನಡದಲ್ಲಿ ಕಾರ್ಯಾಚರಣೆ ಸಂಶೋಧನೆ ಎನ್ನಬಹುದು. ಹೆಸರು ಭಾರವಾಯಿತೆಂದು ತೋರಿದರೆ ‘ಎಣಿಸಿ ನೋಡುವ ವಿದ್ಯೆ’ ಎಂದರೂ ಸಾಕು.

ಇದನ್ನು ಕುರಿತು ನಮ್ಮ ಕುಟುಂಬ ಪತ್ರಿಕೆಯಲ್ಲಿ ಬರೆಯುವುದೇಕೆ ಎಂದು ವಾಚಕರು ಕೇಳಬಹುದು. ಕಾರಣಗಳು ಎರಡು. ಮೊದಲನೆಯದು, ಈ ವಿದ್ಯೆಯನ್ನು ಸಾರ್ವಜನಿಕ ಆರೋಗ್ಯಕ್ಕೆ ಅಳವಡಿಸಿ ಜಗತ್ತಿಗೆ ತೋರಿಸಿಕೊಟ್ಟ ಪಾಠಶಾಲೆಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲಿದೆ. ಅದರ ಪಾಠಗಳನ್ನು ಬರೆದುಕೊಟ್ಟವರು ತುಮಕೂರು, ಬೆಂಗಳೂರು ಜಿಲ್ಲೆಗಳ ಹಳ್ಳಿಗರು. ಎರಡನೆಯದು, ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಹರಡಿಕೊಂಡಿರುವ ನಮ್ಮಂಥ ವಲಸೆಯ ಜನಕ್ಕೆ ಈ ವಿದ್ಯೆಯ ಲಾಭನಷ್ಟಗಳು ನೇರವಾಗಿ ತಟ್ಟುತ್ತವೆ. ಹೇಗೆಂಬುದನ್ನು ಮುಂದೆ ನೋಡೋಣ.

ಇಡ್ಲಿಯ ಲೆಕ್ಕ

ಈ ವಿದ್ಯೆಗೆ ಹೆಸರು ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಬ್ರಿಟಿಷರ ವಿಮಾನಗಳು ಸಮುದ್ರದ ಮೇಲೆ ಹಾರುತ್ತ ಜರ್ಮನರ ಜಲಾಂತರ್ಗಾಮಿಗಳ ಮೇಲೆ ಸಿಡಿಗುಂಡು ಬೀಳಿಸುತ್ತಿದ್ದುವು. ಗುಂಡು ನೂರು ಅಡಿ ಆಳಕ್ಕೆ ಇಳಿದ ಮೇಲೆ ಸಿಡಿಯುವಂತೆ ಹೊಂದಿಸಿದ್ದರು. ಹಡಗು ಮುಳುಗುವುದು ಮಾತ್ರ ಅಪರೂಪ. ಇ. ಜೆ. ವಿಲಿಯಮ್ಸ್ ಎಂಬ ಭೌತವಿಜ್ಞಾನಿ ದಾಳಿಗಳ ವರದಿಗಳನ್ನೆಲ್ಲ ಗುಡ್ಡೆಹಾಕಿಕೊಂಡು ಲೆಕ್ಕ ಹಾಕಿದರು. ಗುರಿ ಸರಿಯಾಗಿ ಸಿಕ್ಕುವುದು ಹಡಗು ಮೇಲೆ ಕಾಣುವಾಗ, ಇಲ್ಲವೆ ಆಗತಾನೆ ಮುಳುಗುವಾಗ. ಆಳಕ್ಕೆ ಹೋದ ಮೇಲೆ ಅದು ಎಲ್ಲಿದೆಯೋ ಯಾರಿಗೂ ತಿಳಿಯದು. ಹಾಗಿದ್ದ ಮೇಲೆ ನೂರು ಅಡಿಯಲ್ಲಿ ಸಿಡಿದರೆ ಏನು ಪ್ರಯೋಜನ? ಆಳವನ್ನು ಕ್ರಮೇಣ 25 ಅಡಿಗೆ ಇಳಿಸಿದರು. ಅದೇ ವಿಮಾನ, ಅದೇ ಗುಂಡು, ಅದೇ ಸೈನಿಕರು. ಫಲ ಮಾತ್ರ ಎಷ್ಟೋ ಪಾಲು ಹೆಚ್ಚಿತು.

ಇಷ್ಟು ದೂರ ಹೋಗುವುದೂ ಬೇಡ. ನಮ್ಮ ಉಡುಪಿ ಹೋಟೆಲಿನ ಯಜಮಾನರನ್ನೇ ನೋಡಿ. ರಾತ್ರಿ ಗಲ್ಲಾ ಎಣಿಸುವಾಗ ಉಳಿದ ಇಡ್ಲಿಯನ್ನೂ ಅವರು ಎಣಿಸುತ್ತಾರೆ. ಸೋಮವಾರ ಎಷ್ಟು ಉಳಿಯಿತು, ಶನಿವಾರ ಎಷ್ಟು ಹೊತ್ತಿಗೆ ಮುಗಿಯಿತು, ಲೋಕಲ್ ಗಾಡಿ ತಡವಾದ ದಿನ ಗಿರಾಕಿ ಯಾವ ಹೊತ್ತಿಗೆ ಬಂದರು ಎಂಬುದೆಲ್ಲ ಅವರ ಮನಸ್ಸಿನಲ್ಲಿದೆ. ಹಿಟ್ಟು ರುಬ್ಬುವ ಅಳತೆ ಆ ಲೆಕ್ಕದಿಂದ ಹುಟ್ಟುತ್ತದೆ. ಹೊಸ ಅಕ್ಕಿಯನ್ನು ಕಂಡುಹಿಡಿಯುವುದು ಒಂದು ಬಗೆಯ ಸಂಶೋಧನೆ. ಇರುವ ಅಕ್ಕಿಯಲ್ಲಿ ಯಾರೂ ಹಸಿದು ಹೋಗದಂತೆ, ಹಿಟ್ಟೂ ಹುಳಿಯದಂತೆ ನೋಡಿಕೊಳ್ಳುವುದು ಇನ್ನೊಂದು ಬಗೆ. ಈ ಎರಡನೆಯದೇ ನಮ್ಮ ವಿಷಯ.

ಮದ್ದು ಇತ್ತು, ದಾರಿ ಇರಲಿಲ್ಲ

ಕ್ಷಯರೋಗದ ಕಥೆ ಇದಕ್ಕೆ ತಕ್ಕ ಉದಾಹರಣೆ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೊನಿಯಾಜಿಡ್ ಬಂದುವು. ಅಲ್ಲಿಯವರೆಗೆ ಕ್ಷಯವೆಂದರೆ ಗುಡ್ಡದ ಮೇಲಿನ ಆರೋಗ್ಯಧಾಮ, ಹಾಲು, ಮೊಟ್ಟೆ, ದೇವರ ದಯೆ ಎಂಬ ಕಾಲವಿತ್ತು. ಮದ್ದು ಬಂದ ಮೇಲೆ ಪ್ರಶ್ನೆ ಬದಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿ 1955ರಿಂದ 1958ರವರೆಗೆ ದೇಶದ ಹಲವು ಕಡೆ ನಡೆಸಿದ ಸಮೀಕ್ಷೆಯಲ್ಲಿ ಸಾವಿರ ಜನಕ್ಕೆ ಸುಮಾರು 15 ಮಂದಿಯ ಎದೆಯ ಚಿತ್ರದಲ್ಲಿ ಕ್ಷಯದ ಗುರುತು ಕಂಡಿತು. ಅವರಲ್ಲಿ ಸುಮಾರು 4 ಮಂದಿಯ ಕಫದಲ್ಲಿ ರೋಗಾಣು ಸಿಕ್ಕಿತು. ಅದುವರೆಗೆ ಕ್ಷಯ ಪಟ್ಟಣದ ರೋಗ, ಗಿರಣಿಯ ಹೊಗೆಯ ರೋಗ ಎಂಬ ನಂಬಿಕೆ ಇತ್ತು. ಹಳ್ಳಿಯಲ್ಲೂ ಪಟ್ಟಣದಲ್ಲೂ ಅದರ ಪ್ರಮಾಣ ಹೆಚ್ಚು ಕಡಮೆ ಒಂದೇ ಎಂದು ಸಮೀಕ್ಷೆ ತೋರಿಸಿತು. ಇಷ್ಟು ಜನಕ್ಕೆ ಹಾಸಿಗೆ ಒದಗಿಸುವ ಆರೋಗ್ಯಧಾಮಗಳನ್ನು ಯಾವ ಸರಕಾರ ಕಟ್ಟಿಸೀತು?

ಮೊದಲ ಗಂಟನ್ನು ಬಿಚ್ಚಿದ್ದು ಮದರಾಸು. ಅಲ್ಲಿಯ ಕ್ಷಯ ಚಿಕಿತ್ಸಾ ಕೇಂದ್ರದಲ್ಲಿ ವಾಲೆಸ್ ಫಾಕ್ಸ್ ಮತ್ತು ಅವರ ಸಂಗಡಿಗರು 1956ರಿಂದ ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರೋಗ್ಯಧಾಮದಲ್ಲೂ ಇನ್ನೊಂದಕ್ಕೆ ಮನೆಯಲ್ಲೂ ಅದೇ ಮದ್ದನ್ನು ಕೊಟ್ಟು ನೋಡಿದರು. ಇಕ್ಕಟ್ಟಿನ ಗುಡಿಸಲಲ್ಲಿ ಅರೆಹೊಟ್ಟೆಯಲ್ಲಿದ್ದವರೂ ಹಾಸಿಗೆಯ ಮೇಲಿದ್ದವರಷ್ಟೇ ಚೆನ್ನಾಗಿ ಗುಣವಾದರು. ಮನೆಮಂದಿಗೆ ಹೆಚ್ಚಿನ ಅಪಾಯವೂ ಆಗಲಿಲ್ಲ. 1959ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಮನೆಯಲ್ಲಿದ್ದುಕೊಂಡು ಚಿಕಿತ್ಸೆ ಪಡೆಯುವುದಕ್ಕೆ ಎಲ್ಲೆಡೆಯೂ ಬಲ ಬಂದಿತು.

ಆದರೆ ಎರಡನೆಯ ಗಂಟು ಹಾಗೆಯೇ ಉಳಿದಿತ್ತು. ಲಕ್ಷೋಪಲಕ್ಷ ರೋಗಿಗಳನ್ನು ಹುಡುಕುವುದು ಹೇಗೆ? ಎಕ್ಸ್-ರೇ ಯಂತ್ರ ಹೊತ್ತ ಗಾಡಿಗಳನ್ನು ಊರೂರಿಗೆ ಕಳುಹಿಸಬೇಕೆ? ಹಳ್ಳಿಗನಿಗೆ ತನ್ನ ರೋಗದ ಅರಿವೇ ಇಲ್ಲ, ಅವನಾಗಿ ಆಸ್ಪತ್ರೆಗೆ ಬರುವವನಲ್ಲ ಎಂದು ಬಲ್ಲವರು ಹೇಳುತ್ತಿದ್ದರು. ಇದು ನಿಜವೇ ಎಂದು ಎಣಿಸಿ ನೋಡಿದವರು ಯಾರೂ ಇರಲಿಲ್ಲ.

ತುಮಕೂರಿನ ಹಳ್ಳಿಗರು ಹೇಳಿದ ಮಾತು

1959ರಲ್ಲಿ ಭಾರತ ಸರಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ಸ್ಥಾಪಿಸಿತು. ಅಲ್ಲಿ ವೈದ್ಯರ ಜೊತೆಗೆ ಅಂಕಿಅಂಶ ಶಾಸ್ತ್ರಜ್ಞರು, ಸಮಾಜಶಾಸ್ತ್ರ ಬಲ್ಲವರು, ಪ್ರಯೋಗಶಾಲೆಯವರು, ಎಕ್ಸ್-ರೇ ತಂತ್ರಜ್ಞರು, ಆರೋಗ್ಯ ದಾದಿಯರು ಒಂದೇ ಮೇಜಿನ ಸುತ್ತ ಕುಳಿತರು. ಆಗಿನ ಕಾಲಕ್ಕೆ ಇದು ಹೊಸತು.

ಡಾ. ಡಿ. ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಒಂದು ವಿಚಾರಣೆ ನಡೆಸಿದರು. ಸಮೀಕ್ಷೆಯಲ್ಲಿ ಕ್ಷಯ ಪತ್ತೆಯಾದವರ ಮನೆಗೆ ಹೋಗಿ, “ನಿಮಗೆ ಏನಾದರೂ ತೊಂದರೆ ಇದೆಯೆ? ಅದಕ್ಕೆ ಏನು ಮಾಡಿದಿರಿ?” ಎಂದು ಕೇಳುವುದು, ಇಷ್ಟೆ. 1963ರಲ್ಲಿ ಪ್ರಕಟವಾದ ಉತ್ತರ ಬಲ್ಲವರ ಬಾಯಿ ಮುಚ್ಚಿಸಿತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಹತ್ತಿರಹತ್ತಿರ ಎಲ್ಲರಿಗೂ ಕೆಮ್ಮು, ಜ್ವರ, ಎದೆನೋವುಗಳ ಅರಿವಿತ್ತು. ಬಹುಪಾಲು ಜನ ಅದಕ್ಕಾಗಿ ಚಿಂತಿಸುತ್ತಿದ್ದರು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಆಗಲೇ ಸಮೀಪದ ಆಸ್ಪತ್ರೆಗೋ ದವಾಖಾನೆಗೋ ಹೋಗಿ ಬಂದಿದ್ದರು! ಅಲ್ಲಿ ಅವರಿಗೆ ದೊರೆತದ್ದು ಒಂದು ಸೀಸೆ ಕೆಮ್ಮಿನ ಔಷಧ. ಕಫ ನೋಡಿದವರಿಲ್ಲ, ಕ್ಷಯವೆಂದು ಹೇಳಿದವರಿಲ್ಲ.

ಇದರ ಅರ್ಥವನ್ನು ವಾಚಕರು ತುಸು ಯೋಚಿಸಬೇಕು. ರೋಗಿ ಬಾಗಿಲಿಗೆ ಬಂದಿದ್ದ. ಬಾಗಿಲ ಒಳಗಿನವರು ಅವನನ್ನು ಗುರುತಿಸದೆ ಕಳುಹಿಸಿದ್ದರು. ಹಾಗಾದರೆ ದುಬಾರಿ ಗಾಡಿಗಳನ್ನು ಊರೂರಿಗೆ ಅಟ್ಟುವ ಮೊದಲು ಮಾಡಬೇಕಾದ ಕೆಲಸ ಸ್ಪಷ್ಟವಾಯಿತು: ಬಿಡದ ಕೆಮ್ಮೆಂದು ಹೇಳಿಕೊಂಡು ಬಂದವನ ಕಫವನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುವುದು. ಬೈಲಿ ಮತ್ತು ಸಂಗಡಿಗರು ದಕ್ಷಿಣ ಭಾರತದ ಒಂದು ಜಿಲ್ಲೆಯಲ್ಲಿ ಇದನ್ನು ಮಾಡಿ, ಹೀಗೆ ಎಷ್ಟು ರೋಗಿಗಳು ದೊರೆಯಬಹುದೆಂದು ಲೆಕ್ಕ ಹಾಕಿ 1967ರಲ್ಲಿ ಪ್ರಕಟಿಸಿದರು. ತಾಲ್ಲೂಕು ದವಾಖಾನೆಯಲ್ಲಿ ಆಗಬಹುದಾದ ಕೆಲಸ, ಕೆಲವೇ ಪೈಸೆಗಳ ಖರ್ಚು.

ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ 1961ರಿಂದ 1968ರವರೆಗೆ ಅದೇ ಸಂಸ್ಥೆ ಇನ್ನೊಂದು ದೀರ್ಘ ಅಧ್ಯಯನ ಮಾಡಿತು. ಸಂಘಟಿತ ಚಿಕಿತ್ಸೆಯ ಏರ್ಪಾಡು ತಲಪದ ಕಡೆ ಕ್ಷಯ ಏನು ಮಾಡುತ್ತದೆಂಬುದು ಅದರಿಂದ ತಿಳಿಯಿತು. ಐದು ವರ್ಷಗಳಲ್ಲಿ ರೋಗಿಗಳ ಪೈಕಿ ಸುಮಾರು ಅರ್ಧ ಜನ ತೀರಿಕೊಂಡಿದ್ದರು. ಮೂರರಲ್ಲಿ ಒಂದು ಪಾಲು ತಾವಾಗಿ ಗುಣವಾಗಿದ್ದರು. ಉಳಿದವರು ರೋಗಾಣುವನ್ನು ಕೆಮ್ಮುತ್ತ ಬದುಕಿದ್ದರು. ಕೆಮ್ಮಿನ ಸೀಸೆಯ ನಿಜವಾದ ಬೆಲೆ ಎಷ್ಟೆಂಬುದು ಈ ಲೆಕ್ಕದಲ್ಲಿದೆ.

ತರಬೇತಿಯಾದದ್ದು ಯಾರಿಗೆ?

ಇಂಥ ಅರಿವು ಪುಸ್ತಕದಲ್ಲಿ ಉಳಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬೆಂಗಳೂರಿನ ಸಂಸ್ಥೆಯ ದೊಡ್ಡತನ ಕಾಣುವುದು ಅದರ ಮುಂದಿನ ಹೆಜ್ಜೆಯಲ್ಲಿ. 1962ರಲ್ಲಿ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ಆರಂಭವಾದಾಗ ಜಿಲ್ಲೆಯನ್ನು ಅದರ ಘಟಕವಾಗಿ ಇಟ್ಟುಕೊಂಡರು. ಪ್ರತಿ ಜಿಲ್ಲೆಗೂ ಒಂದು ತಂಡ: ಕ್ಷಯ ಅಧಿಕಾರಿ, ಚಿಕಿತ್ಸಾ ಸಂಘಟಕ, ಪ್ರಯೋಗಶಾಲೆಯ ತಂತ್ರಜ್ಞ, ಎಕ್ಸ್-ರೇ ತಂತ್ರಜ್ಞ, ಬಿ.ಸಿ.ಜಿ. ತಂಡದ ನಾಯಕ, ಅಂಕಿಅಂಶ ಸಹಾಯಕ. ಇವರನ್ನು ಒಟ್ಟಾಗಿ ಬೆಂಗಳೂರಿಗೆ ಕರೆಸಿ ತರಬೇತಿ ಕೊಟ್ಟರು.

ಒಟ್ಟಾಗಿ ಎಂಬ ಮಾತಿಗೆ ತೂಕವಿದೆ. ವೈದ್ಯನೊಬ್ಬನೇ ಕಲಿತು ಊರಿಗೆ ಮರಳಿದರೆ ಅವನ ಕಲಿಕೆ ಅವನ ತಲೆಯಲ್ಲಿರುತ್ತದೆ. ವರ್ಗವಾದ ದಿನ ಅದೂ ಅವನ ಪೆಟ್ಟಿಗೆಯ ಜೊತೆಗೆ ರೈಲು ಹತ್ತುತ್ತದೆ. ಆರು ಜನ ಕೂಡಿ ಕಲಿತರೆ ಕಲಿಕೆ ಕಚೇರಿಯದಾಗುತ್ತದೆ. ಅಂಕಿಅಂಶ ಸಹಾಯಕ ಇಂದು ಕಡತ ತುಂಬುವ ಗುಮಾಸ್ತನಾಗಿ ಉಳಿಯದೆ, “ಕಳೆದ ತಿಂಗಳು ಕಫ ಪರೀಕ್ಷೆ ಇಳಿಯಿತಲ್ಲ, ಸಾರ್” ಎಂದು ಅಧಿಕಾರಿಗೆ ಹೇಳಬಲ್ಲವನಾಗುತ್ತಾನೆ. ಸಂಸ್ಥೆ ಬಲಗೊಳ್ಳುವುದು ಈ ಬಗೆಯಲ್ಲಿ.

ಆ ವರ್ಷಗಳಲ್ಲಿ ಭಾರತದ ಕ್ಷಯ ಕಾರ್ಯಕ್ರಮದಲ್ಲಿ ಸುಮಾರು ಹತ್ತು ವರ್ಷ ದುಡಿದ ಡೆನ್ಮಾರ್ಕಿನ ಡಾ. ಹಾಫ್ಡನ್ ಮಾಲರ್ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದರು. 1978ರ ಆಲ್ಮಾ-ಆಟಾ ಸಮ್ಮೇಳನದಲ್ಲಿ ಪ್ರಾಥಮಿಕ ಆರೋಗ್ಯಕ್ಕೆ ಜಗತ್ತಿನ ಗಮನ ಹರಿದದ್ದು ಅವರ ಕಾಲದಲ್ಲಿಯೇ.

ಆದರೂ ಕಥೆ ಇಲ್ಲಿಗೆ ಸುಖಾಂತವಾಗಲಿಲ್ಲವೆಂದು ಹೇಳದಿದ್ದರೆ ವಾಚಕರಿಗೆ ಅನ್ಯಾಯ ಮಾಡಿದಂತಾದೀತು. ಕಾರ್ಯಕ್ರಮಕ್ಕೆ ಹಣ ಸಾಲದಾಯಿತು, ಮದ್ದಿನ ಸರಬರಾಜು ಆಗಾಗ ತಪ್ಪಿತು, ಕಫ ಬಿಟ್ಟು ಎಕ್ಸ್-ರೇಯನ್ನೇ ನೆಚ್ಚುವ ಹಳೆಯ ಅಭ್ಯಾಸ ಮರಳಿತು. 1992ರಲ್ಲಿ ನಡೆದ ಪರಾಮರ್ಶೆಯಲ್ಲಿ ಚಿಕಿತ್ಸೆಗೆ ಸೇರಿದವರಲ್ಲಿ ಅರ್ಧಕ್ಕಿಂತ ಕಡಮೆ ಜನ ಅದನ್ನು ಪೂರೈಸುತ್ತಿದ್ದಾರೆಂದು ಕಂಡಿತು. ಹೊಸ ರೀತಿಯ ಕಾರ್ಯಕ್ರಮವನ್ನು 1993ರಲ್ಲಿ ಪ್ರಯೋಗಿಸಿ, 1997ರಿಂದ ಹಬ್ಬಿಸಿ, 2006ರ ಹೊತ್ತಿಗೆ ದೇಶಕ್ಕೆಲ್ಲ ಮುಟ್ಟಿಸಿದರು. ವಿದ್ಯೆ ಇದ್ದ ಮಾತ್ರಕ್ಕೆ ಸಾಲದು. ಅದು ಹೇಳಿದ್ದನ್ನು ಕೇಳುವ ಕಿವಿಯೂ ಹಣದ ಚೀಲವೂ ಬೇಕೆಂಬುದು ಇದರ ಪಾಠ.

ನಡುವೆ ಕೈಬಿಟ್ಟವನಿಗೆ ಮುಂದಿನ ಪಾಠವಿಲ್ಲ

2009ರಲ್ಲಿ ಈ ತರಬೇತಿ ಹೊಸ ಉಡುಪಿನಲ್ಲಿ ಬಂದಿತು. ಪ್ಯಾರಿಸ್ ನಗರದಲ್ಲಿ ಕೇಂದ್ರವುಳ್ಳ ‘ದಿ ಯೂನಿಯನ್’ ಎಂಬ ಅಂತರರಾಷ್ಟ್ರೀಯ ಕ್ಷಯ ವಿರೋಧಿ ಒಕ್ಕೂಟವೂ ‘ಗಡಿಗಳಿಲ್ಲದ ವೈದ್ಯರು’ ಎಂಬ ಸಂಸ್ಥೆಯೂ ಕೂಡಿ ಒಂದು ಪಾಠಕ್ರಮ ರಚಿಸಿದುವು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಉಷ್ಣವಲಯ ರೋಗಗಳ ವಿಭಾಗವೂ ಸೇರಿ ಅದಕ್ಕೆ ‘ಸಾರ್ಟ್ ಇಟ್’ ಎಂಬ ಹೆಸರಾಯಿತು.

ಅದರ ಕ್ರಮ ನಮ್ಮ ಹಳೆಯ ಕಾಲದ ಮಾಸ್ತರರಿಗೆ ಮೆಚ್ಚಿಗೆಯಾಗುವಂಥದು. ವಿದ್ಯಾರ್ಥಿಗಳು ಸುಮಾರು ಹನ್ನೆರಡು ಮಂದಿ, ಎಲ್ಲರೂ ಆರೋಗ್ಯ ಇಲಾಖೆಯಲ್ಲೋ ಆಸ್ಪತ್ರೆಯಲ್ಲೋ ದುಡಿಯುವವರು. ಹತ್ತು ಹನ್ನೆರಡು ತಿಂಗಳ ಅವಧಿಯಲ್ಲಿ ಒಂದೊಂದು ವಾರದಂತೆ ಮೂರು ಬಾರಿ ಪಾಠ. ಮೊದಲ ವಾರ ಪ್ರಶ್ನೆಯನ್ನು ಹರಿತಗೊಳಿಸುವುದು. ಎರಡನೆಯ ವಾರ ದಾಖಲೆಗಳಿಂದ ಅಂಕಿಗಳನ್ನು ತೆಗೆದು ಜೋಡಿಸುವುದು. ಮೂರನೆಯ ವಾರ ಲೇಖನ ಬರೆಯುವುದು. ನಡುವಣ ತಿಂಗಳುಗಳಲ್ಲಿ ತಮ್ಮ ತಮ್ಮ ಊರಿನಲ್ಲಿ ಕೆಲಸ. ಪ್ರತಿ ಹಂತಕ್ಕೂ ಒಂದು ಗಡುವು. ಗಡುವು ತಪ್ಪಿದವನಿಗೆ ಮುಂದಿನ ಹಂತಕ್ಕೆ ಪ್ರವೇಶವಿಲ್ಲ. ಕೊನೆಗೆ ಲೇಖನವನ್ನು ವಿದ್ವತ್ಪತ್ರಿಕೆಗೆ ಕಳುಹಿಸಿಯೇ ತೀರಬೇಕು. ಪ್ರಮಾಣಪತ್ರ ಹಿಡಿದು ಫೋಟೋ ತೆಗೆಸಿಕೊಂಡು ಮರೆತುಬಿಡುವ ತರಬೇತಿಗಳನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ.

ಭಾರತದಲ್ಲಿಯೂ ಇಂಥ ಪಾಠಕ್ರಮಗಳು ನಡೆದುವು. ಬೆಂಗಳೂರಿನ ಸಂಸ್ಥೆಯೂ ಅವುಗಳಲ್ಲಿ ಕೈಜೋಡಿಸಿತು. ವಿದ್ಯಾರ್ಥಿಗಳು ಎತ್ತಿಕೊಂಡ ಪ್ರಶ್ನೆಗಳೆಲ್ಲ ದಿನನಿತ್ಯದವು. ಕಫದಲ್ಲಿ ರೋಗಾಣು ಕಂಡವರಲ್ಲಿ ಎಷ್ಟು ಜನ ಚಿಕಿತ್ಸೆಗೆ ಬರಲೇ ಇಲ್ಲ? ಬೇರೆ ಊರಿಗೆ ಕಳುಹಿಸಿಕೊಟ್ಟವರು ಅಲ್ಲಿ ಮುಟ್ಟಿದರೆ? ಇವುಗಳ ಉತ್ತರ ಆಗಲೇ ದಾಖಲೆ ಪುಸ್ತಕದಲ್ಲಿದೆ. ಪುಟ ತಿರುವಿ ಕೂಡಿಸುವವರು ಬೇಕು.

ಒಂದು ಫಲವನ್ನು ಹೇಳುತ್ತೇವೆ. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯ ತಗಲುವ ಸಂಭವ ಹೆಚ್ಚು ಎಂಬುದು ತಿಳಿದ ವಿಷಯ. ನಮ್ಮ ಸಾಮಾನ್ಯ ಆಸ್ಪತ್ರೆಗಳಲ್ಲಿ ಕ್ಷಯರೋಗಿಗಳ ಸಕ್ಕರೆ ನೋಡುವುದು ಸಾಧ್ಯವೇ, ನೋಡಿದರೆ ಲಾಭವಿದೆಯೇ ಎಂದು 2012ರಲ್ಲಿ ದೇಶದ ಹಲವು ಆಸ್ಪತ್ರೆ, ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷಿಸಿದರು. 8,000ಕ್ಕೂ ಹೆಚ್ಚು ಕ್ಷಯರೋಗಿಗಳಲ್ಲಿ ಶೇಕಡ 13 ಮಂದಿಗೆ ಸಕ್ಕರೆ ಕಾಯಿಲೆ ಇತ್ತು; ಅವರಲ್ಲಿ ಎಷ್ಟೋ ಜನರಿಗೆ ಅದುವರೆಗೆ ಅದರ ಸುಳಿವೇ ಇರಲಿಲ್ಲ. ಕ್ಷಯರೋಗಿಗಳೆಲ್ಲರ ಸಕ್ಕರೆ ನೋಡಬೇಕೆಂಬುದು ಬಳಿಕ ರಾಷ್ಟ್ರೀಯ ಕಾರ್ಯಕ್ರಮದ ನಿಯಮವಾಯಿತು. ಪ್ರಶ್ನೆ ಕೇಳಿದವರೇ ಕಾರ್ಯಕ್ರಮ ನಡೆಸುವವರೂ ಆಗಿದ್ದುದರಿಂದ ಉತ್ತರ ಕಪಾಟಿನಲ್ಲಿ ಮಲಗಲಿಲ್ಲ.

ಮುಂಬಯಿಯದೇ ಒಂದು ಉದಾಹರಣೆ ನೋಡಿ. ಧಾರಾವಿಯ 100 ಖಾಸಗಿ ವೈದ್ಯರನ್ನು, ಕ್ಷಯಕ್ಕೆ ಏನು ಮದ್ದು ಬರೆಯುತ್ತೀರಿ ಎಂದು ಉಪ್ಳೇಕರ್ ಮತ್ತು ಶೆಪರ್ಡ್ ಕೇಳಿ 1991ರಲ್ಲಿ ಪ್ರಕಟಿಸಿದರು. 100 ಜನರಿಂದ 80 ಬಗೆಯ ಚೀಟಿಗಳು ಬಂದುವು. ಸುಮಾರು 20 ವರ್ಷಗಳ ತರುವಾಯ ಡಾ. ಝರೀರ್ ಉದ್ವಾಡಿಯಾ ಮತ್ತು ಸಂಗಡಿಗರು ಮತ್ತೆ ಅದೇ ಪ್ರಶ್ನೆ ಹಾಕಿದರು. 2010ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ 106 ವೈದ್ಯರು, 63 ಬಗೆಯ ಚೀಟಿಗಳು. ಸರಿಯಾಗಿ ಬರೆದವರು 6 ಮಂದಿ. ತಪ್ಪು ಮದ್ದು ರೋಗಾಣುವನ್ನು ಕೊಲ್ಲದೆ ಮದ್ದಿಗೆ ಬಗ್ಗದಂತೆ ಮೊಂಡು ಮಾಡುತ್ತದೆ. ಖಾಸಗಿ ವೈದ್ಯರನ್ನು ಬಿಟ್ಟು ಕ್ಷಯವನ್ನು ಗೆಲ್ಲಲಾಗದೆಂದು ಇಂಥ ಎಣಿಕೆಗಳಿಂದ ಮನವರಿಕೆಯಾಯಿತು. 2012ರಲ್ಲಿ ಪ್ರತಿ ಕ್ಷಯರೋಗಿಯ ವಿವರವನ್ನೂ ಸರಕಾರಕ್ಕೆ ತಿಳಿಸಬೇಕೆಂಬ ಆಜ್ಞೆ ಹೊರಟಿತು. ‘ನಿಕ್ಷಯ್’ ಎಂಬ ಗಣಕ ದಾಖಲೆಯೂ ಅದೇ ವರ್ಷ ಬಂದಿತು.

ನಮ್ಮ ಊರುಗಳ ಲೆಕ್ಕ

ಈಗ ನಮ್ಮ ಬಾಗಿಲಿಗೆ ಬರೋಣ. ಇಂದಿನ ಥಾಣೆ ಜಿಲ್ಲೆಯಲ್ಲಿ ಆರು ಮಹಾನಗರಪಾಲಿಕೆಗಳಿವೆ: ಥಾಣೆ, ನವಿಮುಂಬಯಿ, ಕಲ್ಯಾಣ-ಡೊಂಬಿವಲಿ, ಉಲ್ಹಾಸನಗರ, ಭಿವಂಡಿ-ನಿಜಾಮಪುರ, ಮೀರಾ-ಭಾಯಂದರ್. ಒಂದೊಂದಕ್ಕೂ ತನ್ನ ಆರೋಗ್ಯ ಇಲಾಖೆ, ತನ್ನ ದಾಖಲೆ. ಲೋಕಲ್ ಗಾಡಿಗೆ ಈ ಗಡಿಗಳು ತಿಳಿಯವು, ರೋಗಾಣುವಿಗೂ ತಿಳಿಯವು.

ವಿಜಯಪುರದ ಕಡೆಯಿಂದ ಬಂದ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಅವನ ಬಿಡಾರ ಡೊಂಬಿವಲಿಯ ಒಂದು ಕೋಣೆಯಲ್ಲಿ, ಐದಾರು ಜನರ ಜೊತೆ. ಕೆಲಸ ತುರ್ಭೆಯ ಪೇಟೆಯಲ್ಲಿ. ಕೆಮ್ಮು ಹಿಡಿದಾಗ ಮೊದಲು ಹೋದದ್ದು ಮದ್ದಿನ ಅಂಗಡಿಗೆ, ಆಮೇಲೆ ಓಣಿಯ ಡಾಕ್ಟರರಲ್ಲಿಗೆ, ಕೊನೆಗೆ ಯಾರೋ ಹೇಳಿದರೆಂದು ಥಾಣೆಯ ಆಸ್ಪತ್ರೆಗೆ. ಕಫದಲ್ಲಿ ರೋಗಾಣು ಇದೆಯೆಂದು ಚೀಟಿ ಬರುವ ಹೊತ್ತಿಗೆ ಅವನು ಹಬ್ಬಕ್ಕೆಂದು ಊರಿಗೆ ಹೊರಟಿದ್ದಾನೆ. ಈಗ ಹೇಳಿ, ಈ ಹುಡುಗ ಯಾವ ಪಾಲಿಕೆಯ ಪುಸ್ತಕದಲ್ಲಿದ್ದಾನೆ? ಎಲ್ಲರ ಪುಸ್ತಕದಲ್ಲೂ ಅರ್ಧ, ಯಾರ ಪುಸ್ತಕದಲ್ಲೂ ಪೂರ್ತಿ ಇಲ್ಲ. ಪುಸ್ತಕದಲ್ಲಿ ಇಲ್ಲದವನನ್ನು ಹುಡುಕಿಕೊಂಡು ಹೋಗುವವರು ಯಾರು?

ಇಂಥ ಕಡೆ ತರಬೇತಿ ಪಡೆದ ಕಣ್ಣು ಮಾಡುವ ಕೆಲಸವನ್ನು ಒಂದು ಸಣ್ಣ ಊಹೆಯ ಲೆಕ್ಕದಿಂದ ತೋರಿಸಬಹುದು. ರೋಗ ತಗಲಿದ 100 ಜನರಿದ್ದಾರೆನ್ನಿ. ಅವರಲ್ಲಿ 80 ಮಂದಿ ಆಸ್ಪತ್ರೆಗೆ ಬಂದರು. ಬಂದವರಲ್ಲಿ ನೂರಕ್ಕೆ 80ರಂತೆ ಪರೀಕ್ಷೆಯಾಯಿತು: 64. ಅವರಲ್ಲಿ ನೂರಕ್ಕೆ 80 ಜನಕ್ಕೆ ಚಿಕಿತ್ಸೆ ಆರಂಭವಾಯಿತು: 51. ಅದರಲ್ಲೂ ನೂರಕ್ಕೆ 80 ಜನ ಪೂರೈಸಿದರು: 41. ಪ್ರತಿ ಮೆಟ್ಟಿಲಲ್ಲೂ ನೂರಕ್ಕೆ ಎಂಬತ್ತು! ಶಾಲೆಯಲ್ಲಾದರೆ ಮೊದಲ ದರ್ಜೆ. ಆದರೂ ಗುಣವಾದವರು ಅರ್ಧಕ್ಕೂ ಕಡಮೆ. ಪ್ರತಿಯೊಂದು ವಿಭಾಗವೂ “ನಮ್ಮ ಕೆಲಸ ಚೆನ್ನಾಗಿದೆ” ಎಂದು ಪ್ರಾಮಾಣಿಕವಾಗಿ ಹೇಳುತ್ತಿರುವಾಗಲೇ ರೋಗಿಗಳು ಸೋರಿಹೋಗುತ್ತಾರೆ. ಕೊಡದ ತೂತು ಎಲ್ಲಿದೆಯೆಂದು ತಿಳಿಯಬೇಕಾದರೆ ಮೆಟ್ಟಿಲುಗಳನ್ನು ಸಾಲಾಗಿ ಇಟ್ಟು ನೋಡಬೇಕು. ತರಬೇತಿ ಕಲಿಸುವುದು ಇದನ್ನೇ.

ಇದರ ಮಿತಿಯನ್ನೂ ಹೇಳಬೇಕು. ತರಬೇತಿಯಾದವನನ್ನು ಆರು ತಿಂಗಳಲ್ಲಿ ಬೇರೆ ಇಲಾಖೆಗೆ ವರ್ಗ ಮಾಡಿದರೆ ಫಲವಿಲ್ಲ. ಕೆಟ್ಟ ಅಂಕಿ ತಂದವನನ್ನು ಗದರಿಸುವ ಮೇಲಧಿಕಾರಿ ಇದ್ದರೆ ಮುಂದಿನ ತಿಂಗಳು ಒಳ್ಳೆಯ ಅಂಕಿಯೇ ಬರುತ್ತದೆ, ಸತ್ಯ ಬರುವುದಿಲ್ಲ. ತಪ್ಪನ್ನು ತೋರಿಸಿದವನಿಗೆ ರಕ್ಷಣೆ ಇರುವ ಕಚೇರಿಯಲ್ಲಿ ಮಾತ್ರ ಈ ವಿದ್ಯೆ ಬೇರು ಬಿಡುತ್ತದೆ.

ನಾವು ಮಾಡಬಹುದಾದದ್ದು

ಸರಕಾರದ ಕೆಲಸ ಸರಕಾರಕ್ಕಿರಲಿ. ನಮ್ಮ ಮನೆಗಳಲ್ಲಿ, ನಮ್ಮ ಬಳಗದಲ್ಲಿ ಆಗಬೇಕಾದದ್ದೂ ಇದೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ ಕಂಡರೆ ಸಮೀಪದ ಪಾಲಿಕೆಯ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಬೇಕು. ಪರೀಕ್ಷೆಯೂ ಮದ್ದೂ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಎರಡು ತಿಂಗಳಿಗೆ ಮೈ ಹಗುರಾಯಿತೆಂದು ಬಿಡಬಾರದು. ಚಿಕಿತ್ಸೆಯ ಕಾಲದಲ್ಲಿ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು. 2024ರ ನವೆಂಬರಿನಿಂದ ಅದನ್ನು 1,000 ರೂಪಾಯಿಗೆ ಏರಿಸಿದ್ದಾರೆ. ಕ್ಷಯವಿದ್ದವರು ಸಕ್ಕರೆಯನ್ನೂ ನೋಡಿಸಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು, ನಡುವೆ ಊರಿಗೆ ಹೋಗಬೇಕಾಗಿ ಬಂದರೆ ಕೇಂದ್ರದವರಿಗೆ ತಿಳಿಸಿಯೇ ಹೊರಡಬೇಕು. ನಿಕ್ಷಯ್ ದಾಖಲೆಯಲ್ಲಿ ರೋಗಿಗೆ ಒಂದು ಸಂಖ್ಯೆ ಇರುತ್ತದೆ; ಅದನ್ನು ಉಡುಪಿಗೋ ಕಲಬುರಗಿಗೋ ವರ್ಗಾಯಿಸಿ ಅಲ್ಲಿಯೇ ಮದ್ದು ಪಡೆಯಬಹುದು. 1800-11-6666 ಎಂಬ ಉಚಿತ ದೂರವಾಣಿಯಲ್ಲಿಯೂ ವಿಚಾರಿಸಬಹುದು. ಮಗಳ ಮದುವೆಗೆ ತೊಡಕಾದೀತು, ಮನೆ ಬಾಡಿಗೆಗೆ ಸಿಗದೆ ಹೋದೀತು ಎಂದು ರೋಗವನ್ನು ಬಚ್ಚಿಡುವ ಮನೆಗಳು ನಮ್ಮಲ್ಲಿ ಇಲ್ಲದಿಲ್ಲ. ಬಚ್ಚಿಟ್ಟ ಕ್ಷಯ ಮನೆಯ ಮಕ್ಕಳನ್ನೇ ಮೊದಲು ಹುಡುಕುತ್ತದೆ. ಬಳಗದವರು ಅಂಥ ಮನೆಗೆ ಹೋಗುವುದನ್ನು ನಿಲ್ಲಿಸದಿರುವುದೇ ಒಂದು ಚಿಕಿತ್ಸೆ.

ಇನ್ನೊಂದು ಸೂಚನೆ. ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ನಡೆಸುವುದುಂಟು. ಎಷ್ಟು ಜನ ಬಂದರೆಂದು ವರದಿಯಲ್ಲಿ ಬರೆಯುತ್ತೇವೆ. ಚಹ ತಿಂಡಿಯ ವ್ಯವಸ್ಥೆ ಮಾಡಿದವರಿಗೆ ವಂದನೆ ಹೇಳುತ್ತೇವೆ. ಇನ್ನು ಮುಂದೆ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಂಬಗಳನ್ನು ಎಳೆಯೋಣ: ಬಂದವರು, ತೊಂದರೆ ಕಂಡವರು, ಮುಂದಿನ ಪರೀಕ್ಷೆಗೆ ಹೋದವರು, ಮೂರು ತಿಂಗಳ ಮೇಲೂ ಚಿಕಿತ್ಸೆಯಲ್ಲಿರುವವರು. ಹೆಸರುಗಳನ್ನು ಗುಟ್ಟಾಗಿಟ್ಟು ಅಂಕಿಗಳನ್ನು ಮಾತ್ರ ಕಾರ್ಯಕಾರಿ ಸಮಿತಿಯ ಮುಂದೆ ಇಡೋಣ. ನಾಲ್ಕನೆಯ ಕಂಬ ಖಾಲಿಯಿದ್ದರೆ ಯಾರನ್ನೂ ಬೈಯುವುದು ಬೇಡ. ಏಕೆ ಖಾಲಿಯೆಂದು ಕೇಳಿಕೊಂಡು ಬರೋಣ. ದೂರವೆಂದೋ, ಕೂಲಿ ತಪ್ಪುತ್ತದೆಂದೋ, ಮರಾಠಿ ಬಾರದ ಅಜ್ಜಿಗೆ ಜೊತೆಗೆ ಹೋಗುವವರಿಲ್ಲವೆಂದೋ ತಿಳಿದುಬಂದೀತು. ಅಜ್ಜಿಯ ಜೊತೆಗೆ ಹೋಗಲು ಒಬ್ಬ ತರುಣಿಯನ್ನು ಒಪ್ಪಿಸುವುದು ಯಾವ ಸಂಘಕ್ಕೂ ಕಷ್ಟವಲ್ಲ.

ಅರುವತ್ತು ವರ್ಷಗಳ ಹಿಂದೆ ತುಮಕೂರಿನ ಹಳ್ಳಿಗರನ್ನು ಯಾರೋ ಮನೆಗೆ ಹೋಗಿ ಕೇಳಿದರು. ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಒಂದು ದೇಶದ ಆರೋಗ್ಯ ಕಾರ್ಯಕ್ರಮ ಅದರಿಂದ ದಾರಿ ತಿದ್ದಿಕೊಂಡಿತು. ಮುಂದಿನ ಶಿಬಿರಕ್ಕೆ ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಲು ಇಬ್ಬರು ಬೇಕಾಗಿದ್ದಾರೆ. ನಮ್ಮ ಕಾಲೇಜಿನ ಮಕ್ಕಳಲ್ಲಿ ಲೆಕ್ಕದಲ್ಲಿ ಚುರುಕಾದವರು ಬಹಳ ಮಂದಿ ಇದ್ದಾರೆ. ಅವರನ್ನು ತಂದೆತಾಯಿಗಳು ಕಳುಹಿಸಿಕೊಡಬೇಕೆಂದು ಕೋರುತ್ತೇವೆ.